ಇಪ್ಪತ್ತು ಮೀಟರಿಗೆ ನಿಂತುಬಿಡುವ ಸೀಸಿಯಂ

2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಣುಸ್ಥಾವರ ಕೆಟ್ಟು, ವಿಕಿರಣ ಸೂಸುವ ಸೀಸಿಯಂ ಎಂಬ ಧಾತು ಊರು ಕಾಡು ಎನ್ನದೆ ಉದುರಿತು. ಅಳೆದು ನೋಡಬೇಕಲ್ಲ, ಜಪಾನ್ ಸರ್ಕಾರ ಗೆರೆ ಎಳೆಯಿತು. ಕೆ.ಜಿ. ಕಸದಲ್ಲಿ 8,000 ಬೆಕ್ವೆರೆಲ್ (ವಿಕಿರಣ ಅಳೆಯುವ ಮಾನ) ದಾಟಿದರೆ ಸರ್ಕಾರದ ತಲೆನೋವು, ಅದರೊಳಗಿದ್ದರೆ ಮಾಮೂಲಿ ಕಸ, ಸುಡಿ ಇಲ್ಲವೇ ಹೂಳಿ. ಆದರೆ ಅಣುಸ್ಥಾವರದೊಳಗಿನ ಕಬ್ಬಿಣ, ಕಾಂಕ್ರೀಟನ್ನು ಹೊರಗೆ ಬಳಸಬೇಕಾದರೆ 100 ದಾಟುವಂತಿಲ್ಲ! 100 ಮರುಬಳಕೆಗೆ, 8,000 ವಿಲೇವಾರಿಗೆ ಅಂತ ವಿವರಣೆ ಬಂತು. ಸರಿ ಅಂದುಕೊಳ್ಳುವಷ್ಟರಲ್ಲಿ 8,000ದೊಳಗಿನ ಮಣ್ಣನ್ನು ರಸ್ತೆ ಕೆಲಸಕ್ಕೆ ಮರುಬಳಸುವ ಯೋಜನೆಯನ್ನೂ ಅವರೇ ತಂದರು. 2025ರಲ್ಲಿ ಅಂಥ ಮಣ್ಣನ್ನು ಪ್ರಧಾನಿ ಕಚೇರಿಯ ತೋಟಕ್ಕೇ ಹಾಕಿ, ಮೇಲೆ ಒಳ್ಳೆ ಮಣ್ಣು ಮುಚ್ಚಿದರು. ಅಷ್ಟು ನಿರಪಾಯ ಅಂದ ಮೇಲೆ ಮುಚ್ಚಿದ್ದು ಯಾಕೋ.

ಕಾಡಿನ ಕತೆ ಇನ್ನೂ ಚೆಂದ. ಫುಕುಶಿಮಾ ಪ್ರಾಂತದಲ್ಲಿ ನೂರಕ್ಕೆ ಸುಮಾರು 70 ಭಾಗ ಕಾಡು. ಸ್ವಚ್ಛ ಮಾಡಿದ್ದು ಹೆಚ್ಚಾಗಿ ಮನೆಯಂಚಿನಿಂದ 20 ಮೀಟರ್ ಮಾತ್ರ. ಕಾಡಿನ ಎಲೆಯನ್ನೆಲ್ಲ ಬಳಿದರೆ ಮಣ್ಣು ಕೊಚ್ಚಿಹೋಗುತ್ತದೆ ಅನ್ನುವುದು ನಿಜವೇ, ಒಪ್ಪೋಣ. ಆದರೆ ಇಪ್ಪತ್ತೊಂದನೇ ಮೀಟರಿನ ಸೀಸಿಯಂ ಅಲ್ಲೇ ಕೈಕಟ್ಟಿ ನಿಂತಿರಬೇಕಲ್ಲ! ಮಳೆ ನೀರು, ಕಾಡುಹಂದಿ, ಅಣಬೆ ಇವಕ್ಕೆಲ್ಲ ಸುತ್ತೋಲೆ ತಲುಪಿತೋ ಇಲ್ಲವೋ.

ಕೈಗಾ ಅಣುಸ್ಥಾವರ ನಮ್ಮ ಕಾರವಾರ ತಾಲ್ಲೂಕಿನಲ್ಲೇ ಇದೆ, ಸುತ್ತ ಕಾಡೇ ಕಾಡು, ಹಾಗಾಗಿ ಈ ಇಪ್ಪತ್ತು ಮೀಟರಿನ ಅಳತೆ ಟೇಪು ನಮ್ಮಲ್ಲಿಗೆ ಬಂದರೆ ಏನು ಕತೆ ಅಂತ ಯೋಚಿಸುವುದು ತಪ್ಪಲ್ಲ ಅಲ್ವಾ? ಶಿರಸಿ ಕಡೆಯ ಮನೆಯೊಂದರಲ್ಲಿ ಟೇಪಿನ ತುದಿ ಎಲ್ಲಿ ಹಿಡಿಯುವುದು? ಅಂಗಳ ಮುಗಿದರೆ ಕೊಟ್ಟಿಗೆ, ಕೊಟ್ಟಿಗೆ ಹಿಂದೆ ಗೊಬ್ಬರಗುಂಡಿ, ಅದರಾಚೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಸೀಸಿಯಂ ಕೂರುವುದೇ ಉದುರಿದ ಎಲೆಯಲ್ಲಿ, ಮೇಲ್ಮಣ್ಣಿನಲ್ಲಿ. ನಾವೋ ಬೇಸಿಗೆ ಬಂತೆಂದರೆ ಬೆಟ್ಟದ ದರಕನ್ನು, ಅಂದರೆ ಒಣಗಿ ಉದುರಿದ ಎಲೆಯನ್ನು ಗುಡಿಸಿ, ಹೆಡಿಗೆ ಬುಟ್ಟಿಗೆ ಕಾಲಲ್ಲಿ ತುಳಿದು ತುಂಬಿ, ತಲೆ ಮೇಲೆ ಹೊತ್ತು ಕೊಟ್ಟಿಗೆಗೆ ತಂದು ಸುರಿಯುವವರು. ಅಲ್ಲಿಂದ ಗುಂಡಿಗೆ, ಗುಂಡಿಯಿಂದ ಅಡಿಕೆ ಬುಡಕ್ಕೆ. ಅಧಿಕಾರಿ ಅಂಗಳ ತೊಳೆಸಿ ರುಜು ಹಾಕುವಷ್ಟರಲ್ಲಿ ಇನ್ನೂರನೇ ಮೀಟರಿನ ಬೆಟ್ಟ ಅವರ ಬೆನ್ನ ಹಿಂದೆಯೇ ಇಳಿದು ಬಂದಿರುತ್ತದೆ.

ಸೌದೆಗೂ ಜಪಾನಿನವರು ಮಿತಿ ಇಟ್ಟಿದ್ದಾರೆ, ಕೆ.ಜಿ.ಗೆ 40 ಬೆಕ್ವೆರೆಲ್. ಸೌದೆ ಉರಿದರೂ ಸೀಸಿಯಂ ಬೂದಿಯಲ್ಲಿ ಉಳಿಯುತ್ತದೆ, ಆ ಬೂದಿ 8,000 ದಾಟದಿರಲಿ ಅಂತ ಹಿಂದಿನಿಂದ ಹಾಕಿದ ಲೆಕ್ಕ. ನಮ್ಮ ಬಚ್ಚಲೊಲೆಯ ಬೂದಿ ಬಸಳೆ ಬುಡಕ್ಕೆ ಹೋಗುತ್ತದೆ. ಸೌದೆ ತುರುಕುವ ಅಜ್ಜಿಗೆ ಮೊದಲು ವಿಕಿರಣ ಅಳೆಯುವ ಮೀಟರ್ ಕೊಡಿಸಿ, ಆಮೇಲೆ ಮಿತಿ ಹೇಳಿ.