ತಣ್ಣೀರ ಹುಳವೂ ಉಪ್ಪಳದ ಬಂಗುಡೆಯೂ

ಬೆಳಗ್ಗೆ ಐದೂವರೆಗೆ ಮಾವ ಫ್ಯಾಮಿಲಿ ಗ್ರೂಪಿಗೆ ಒಂದು ಸಂದೇಶ ತಳ್ಳಿದರು. 'ಎಚ್ಚರ! ಸಮುದ್ರ ಬಿಸಿಯಾಗಿದೆ! ಮೀನಿನ ಹುಳ 283 ಪಟ್ಟು ಜಾಸ್ತಿ! ಹತ್ತು ಮಂದಿಗೆ ಕಳಿಸಿ!' ಹತ್ತು ಮಂದಿಗೆ ಕಳಿಸಿದರೆ ಹುಳ ಕಡಿಮೆಯಾಗುತ್ತದಾ ಅಂತ ಯಾರೂ ಕೇಳಲಿಲ್ಲ. ಎಂಟು ಗಂಟೆಯೊಳಗೆ ಅದು ಮಂಜೇಶ್ವರ, ಕುಂಬಳೆ ಎಲ್ಲ ಸುತ್ತಿ ನನಗೇ ನಾಲ್ಕು ಸಲ ವಾಪಸ್ ಬಂತು.

283 ಸುಳ್ಳಲ್ಲ. ಅನಿಸಾಕಿಸ್ ಅನ್ನುವ ಹುಳ 1970ರ ದಶಕದಿಂದೀಚೆಗೆ ಅಷ್ಟು ಪಟ್ಟು ಏರಿದೆ ಅಂತ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2020ರಲ್ಲಿ ಹೇಳಿದ್ದರು. ತಿಮಿಂಗಿಲಗಳಿಗೆ ರಕ್ಷಣೆ ಸಿಕ್ಕಿ ಅವು ಹೆಚ್ಚಾದದ್ದೂ ಕಾರಣ ಇರಬಹುದು ಅಂದಿದ್ದರು. ಯಾಕೆಂದರೆ ಈ ಹುಳದ ಮೊಟ್ಟೆ ತಿಮಿಂಗಿಲದ ಹೊಟ್ಟೆಯಿಂದ ನೀರಿಗೆ ಬಿದ್ದು, ಸಿಗಡಿಯಂಥ ಪುಟ್ಟ ಜೀವಿಯೊಳಗೆ ಹೊಕ್ಕು, ಅಲ್ಲಿಂದ ಮೀನಿಗೆ, ಮೀನಿನಿಂದ ಮತ್ತೆ ತಿಮಿಂಗಿಲಕ್ಕೆ ಹೋಗಬೇಕು. ಅದು ಬಿಟ್ಟು ಮನುಷ್ಯರ ಹೊಟ್ಟೆಗೆ ಬಂದರೆ ಹುಳಕ್ಕೇ ದಾರಿ ತಪ್ಪಿದಂತೆ. ಅದೂ ಹಸಿ ಮೀನು ತಿನ್ನುವವರ ಹೊಟ್ಟೆಗೆ. ನಮ್ಮ ಗಸಿಯ ಕುದಿಗೆ ಯಾವ ಅನಿಸಾಕಿಸೂ ಉಳಿಯುವುದಿಲ್ಲ.

ಅದೇ ವಿಶ್ವವಿದ್ಯಾಲಯದವರು 2023ರಲ್ಲಿ ಇನ್ನೊಂದು ಮಾತು ಹೇಳಿದರು. ಅದು ಮಾತ್ರ ಯಾರ ಗ್ರೂಪಿಗೂ ಬರಲಿಲ್ಲ. ಅಮೆರಿಕದ ಪ್ಯೂಜೆಟ್ ಸೌಂಡ್ ಎಂಬ ತಣ್ಣನೆಯ ಕೊಲ್ಲಿಯಲ್ಲಿ 1880ರಿಂದ 2019ರವರೆಗೆ ಹಿಡಿದು, ಭರಣಿಯಲ್ಲಿ ಉಪ್ಪಿನಕಾಯಿ ಹಾಕಿದಂತೆ ಇಟ್ಟಿದ್ದ 699 ಮೀನುಗಳನ್ನು ಕೊಯ್ದು, ಒಳಗಿದ್ದ ಪರಾವಲಂಬಿಗಳನ್ನು ಲೆಕ್ಕ ಹಾಕಿದರು. ಬದುಕು ಮುಗಿಸಲು ಮೂರು ಅಥವಾ ಜಾಸ್ತಿ ಪ್ರಾಣಿಗಳ ಮೈಯೊಳಗೆ ಮನೆ ಬದಲಿಸುವ ಪರಾವಲಂಬಿಗಳು ದಶಕಕ್ಕೆ ಸುಮಾರು 11% ಇಳಿದಿವೆ. ನೀರು ಒಂದು ಡಿಗ್ರಿ ಬಿಸಿಯಾದರೆ 38% ಕಡಿಮೆ. ನಡುವಿನ ಒಂದು ಮನೆ ಬಿದ್ದರೆ ಹುಳದ ಕತೆ ಮುಗಿಯಿತು. ಕೇರಳದ ಕಚೇರಿಗೆ ಹೋದ ನಮ್ಮ ಕನ್ನಡ ಅರ್ಜಿಯ ಹಾಗೆಯೇ ಅನ್ನಿ. ನಾಲ್ಕು ಮೇಜು ದಾಟಬೇಕು, ಐದನೆಯದರಲ್ಲಿ ಕನ್ನಡ ಓದುವವರು ರಜೆಯಲ್ಲಿದ್ದರೆ ಅಲ್ಲೇ ಸತ್ತಿತು.

ಮೀನು ಮಾರುವ ಅಕ್ಕ ಬುಟ್ಟಿ ಹೊತ್ತು ಬಂದಾಗ ಮಾವ ಜಗಲಿಯಲ್ಲೇ ತಡೆದರು. 'ಹುಳ ಉಂಟಾ ಇದರಲ್ಲಿ?'

'ಬೂತಾಯಿಯೇ ಇಲ್ಲ ಅಣ್ಣಾ, ಹುಳ ಎಲ್ಲಿಂದ ತರಲಿ?'

ಅವಳ ಮಾತು ತಮಾಷೆಯಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ ಬೂತಾಯಿ (ಮತ್ತಿ ಮೀನು) 2021ರಲ್ಲಿ ಬರೀ 3,300 ಟನ್ನಿಗೆ ಬಂದಿತ್ತು. ನಮ್ಮ ಮನೆ ಮುಂದಿನ ಕಡಲಿನ ಮೀನೇ ಕಾಣೆಯಾದಾಗ ಒಬ್ಬನೂ 'ಹತ್ತು ಮಂದಿಗೆ ಕಳಿಸಿ' ಅನ್ನಲಿಲ್ಲ. 'ರೇಟು ಜಾಸ್ತಿ ಮಾಡಿದ್ದಿ' ಅಂತ ಅವಳ ಮೇಲೆಯೇ ರೇಗಿದೆವು.

ಆದರೆ ಮಾವನ ಸಂದೇಶದ ಬಾಲದಲ್ಲಿ ಪರಿಹಾರವೂ ಇತ್ತು. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಹುಳ ಸಾಯುತ್ತದೆ. ಇದೂ ನಿಜವೇ, ಹಸಿ ತಿನ್ನುವವರಿಗೆ. ಮಾವ ಎರಡು ಕಿಲೋ ಬಂಗುಡೆ ತಗೊಂಡು, ಫ್ರಿಡ್ಜಿನ ಮೇಲಿನ ಅರೆಯಿಂದ ಐಸ್‌ಕ್ರೀಮ್ ಎತ್ತಿ ಮಕ್ಕಳ ಕೈಗಿಟ್ಟು, ಬಂಗುಡೆಯನ್ನು ಏಳು ದಿನದ ಜೈಲಿಗೆ ಹಾಕಿ, ಮೇಲೆ ತಾರೀಕು ಬರೆದು ಅಂಟಿಸಿದರು. ಮೂರನೇ ದಿನ ಗಾಳಿಮಳೆಗೆ ಕರೆಂಟ್ ಹೋಯಿತು. ಬಂದದ್ದು ಮರುದಿನ ಸಂಜೆ. 'ಮೀನು ಮೆತ್ತಗಾಗಿದೆ, ಬಿಸಾಡುವ' ಅಂತ ಅತ್ತೆ ಅಂದರು. 'ಏಳು ದಿನ ಆಗಲಿಲ್ಲ' ಅಂತ ಮಾವ.

ಬಂಗುಡೆ ಬೆಚ್ಚಗೆ ಬಿದ್ದುಕೊಂಡರೆ ಅದರೊಳಗೆ ಹಿಸ್ಟಮಿನ್ ಎಂಬ, ಮೈ ಕೆರಳಿಸುವ ರಾಸಾಯನಿಕ ಹುಟ್ಟುತ್ತದೆ. ಹುಳದ ಹಾಗಲ್ಲ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಏಳನೇ ದಿನ ಪುಳಿಮುಂಚಿ ಆಯಿತು, ಊಟ ಮುಗಿದು ಅರ್ಧ ಗಂಟೆಯಲ್ಲಿ ಮಾವನ ಮುಖ ಕೆಂಪು, ಮೈತುಂಬ ತುರಿಕೆ, ವಾಂತಿ. ಆಸ್ಪತ್ರೆಯಲ್ಲಿ ಡಾಕ್ಟರು 'ಹಾಳಾದ ಮೀನು' ಅಂತ ಬಿಡಿಸಿ ಹೇಳಿ ಇಂಜೆಕ್ಷನ್ ಕೊಟ್ಟರು. ಮಾವ ತಲೆಯಾಡಿಸಿದರು.

ಡಾಕ್ಟರು ಆಚೆ ಹೋದದ್ದೇ ತಡ, ಮಾವ ಡ್ರಿಪ್ ಇಲ್ಲದ ಕೈಯಿಂದ ಗ್ರೂಪಿಗೆ ಬರೆದರು: 'ನಾನು ಹೇಳಿರಲಿಲ್ವಾ? ಹುಳ ಇತ್ತು. ಹತ್ತು ಮಂದಿಗೆ ಕಳಿಸಿ.'