ಕನ್ನಡಕವೆಂಬ ಡಿಫೆಂಡರ್

ನಿನ್ನೆ ರಾತ್ರಿ ಟಿವಿಯಲ್ಲಿ ಫುಟ್‌ಬಾಲ್ ನೋಡ್ತಾ ‘ಗೋಲ್!’ ಅಂತ ಕೂಗಿ ಸೋಫಾದಿಂದ ಹಾರಿದೆ. ಆ ರಭಸಕ್ಕೆ ಮಲಗಿದ್ದ ಮಗು ಎದ್ದಿತು, ಮಗುವಿನ ಹಿಂದೆಯೇ ಹೆಂಡತಿ ಎದ್ದಳು. ಅಷ್ಟರಲ್ಲಿ ಗೆರೆ ಪಕ್ಕ ನಿಂತಿದ್ದ ಪುಣ್ಯಾತ್ಮ ಬಾವುಟ ಎತ್ತಿದ. ಆಫ್‌ಸೈಡ್! ಗೋಲು ಹೋಯಿತು, ಬೈಗುಳ ಉಳಿಯಿತು.

ಆಮೇಲಿನ ತಪ್ಪು ನನ್ನದೇ. ಪಕ್ಕದಲ್ಲಿ ಭಾವ ಕೂತಿರೋದು ಮರೆತು ‘ಅದ್ಯಾಕೆ ಕೊಡಲಿಲ್ಲ?’ ಅಂದುಬಿಟ್ಟೆ.

ಭಾವನಿಗೆ ಯಾವುದನ್ನೂ ಬರೀ ಬಾಯಲ್ಲಿ ಹೇಳಿ ಗೊತ್ತಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಟೀಪಾಯಿ ಮೇಲೆ ಜೋಡಿಸಲೇಬೇಕು. ನೀರಿನ ಬಾಟಲಿ ಗೋಲ್‌ಕೀಪರ್ ಆಯಿತು. ಅದರ ಮುಚ್ಚಳ ಚೆಂಡು. ರಿಮೋಟು ಫಾರ್ವರ್ಡ್. ಒಬ್ಬ ಡಿಫೆಂಡರ್ ಕಡಿಮೆ ಬಿದ್ದ. ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದು ಇಟ್ಟರು.

‘ನೋಡೋ, ಪಾಸ್ ಕೊಡೋ ಕ್ಷಣದಲ್ಲಿ ಈ ರಿಮೋಟು ಎದುರಾಳಿಗಳ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಮುಂದೆ, ಅವರಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇದ್ದರೆ ಆಫ್‌ಸೈಡ್. ಕಾಣ್ತಿದೆಯಾ?’

ಕಾಣೋದು ಹೇಗೆ? ಆ ಕೊನೆಯಿಂದ ಎರಡನೆಯವನೇ ನನ್ನ ಕನ್ನಡಕ.

‘ಸರಿಸಮ ಇದ್ದರೆ?’ ‘ತಪ್ಪಿಲ್ಲ.’ ‘ಕೈ ಮಾತ್ರ ಮುಂದಿದ್ದರೆ?’ ‘ಕೈ ಲೆಕ್ಕಕ್ಕಿಲ್ಲ.’ ‘ಥ್ರೋ-ಇನ್‌ನಲ್ಲಿ?’ ‘ಆಫ್‌ಸೈಡೇ ಇಲ್ಲ. ಕಾರ್ನರ್, ಗೋಲ್ ಕಿಕ್‌ನಲ್ಲೂ ಇಲ್ಲ.’ ಇಷ್ಟಕ್ಕೆ ನಿಲ್ಲಿಸಬೇಕಿತ್ತು. ‘ಗೋಲ್‌ಕೀಪರ್ ಮುಂದೆ ಬಂದರೆ?’ ಅಂದೆ. ಭಾವನ ಮುಖ ಅರಳಿತು. ಬಾಟಲಿ ಟೀಪಾಯಿಯ ನಡುವಿಗೆ ಬಂತು. ಹಿಂದೆ ಇಬ್ಬರು ಡಿಫೆಂಡರುಗಳು ಬೇಕಲ್ಲ, ನನ್ನ ಫೋನೂ ಕನ್ನಡಕದ ಜೊತೆ ತಂಡ ಸೇರಿತು.

‘1925ಕ್ಕೆ ಮುಂಚೆ ಇಬ್ಬರಲ್ಲ, ಮೂವರನ್ನು ಎಣಿಸಬೇಕಿತ್ತು, ಗೊತ್ತಾ?’ ಅನ್ನುತ್ತಾ ನನ್ನ ಕೈಗಡಿಯಾರ ನೋಡಿದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಪೆನಾಲ್ಟಿ ಬಾಕ್ಸ್‌ನಲ್ಲಿ ಡಿಫೆಂಡರುಗಳು ಯಾಕೆ ಹಾಗೆ ಓಡಾಡ್ತಾರೆ ಅನ್ನೋದಾದರೂ ಅರ್ಥವಾಯಿತು.

ಅಷ್ಟರಲ್ಲಿ ಟಿವಿಯಲ್ಲಿ ಗದ್ದಲ. ಹಸಿರಿನ ಮೇಲೆ ಬಣ್ಣದ ಚುಕ್ಕೆಗಳು ಒಂದನ್ನೊಂದು ಅಪ್ಪಿಕೊಂಡಿದ್ದಷ್ಟೇ ನನಗೆ ಕಂಡಿದ್ದು. ಗೋಲಂತೆ. ಕೂಗಲಿಲ್ಲ. ಈಗೆಲ್ಲ ಮೊದಲು ಕಾಯಬೇಕು, ವಿಎಆರ್, ಅಂದರೆ ವಿಡಿಯೊ ನೋಡಿ ತಪ್ಪು ಹುಡುಕೋ ರೆಫರಿ, ಒಪ್ಪಿದ ಮೇಲೆ ಕುಣೀಬೇಕು. ಆ ಹೊತ್ತಿಗೆ ಕುಣಿಯೋ ಆಸೆಯೇ ಇರಲ್ಲ. 2022ರ ವಿಶ್ವಕಪ್‌ನಲ್ಲಿ ಕ್ರೀಡಾಂಗಣದ ಚಾವಣಿಗೆ 12 ಕ್ಯಾಮೆರಾ ಕಟ್ಟಿ, ಆಟಗಾರರ ಮೈಕೈಯನ್ನು ಸೆಕೆಂಡಿಗೆ 50 ಸಲ ಅಳೆದರು. ಸೌದಿ ಅರೇಬಿಯಾ ವಿರುದ್ಧ ಅರ್ಜೆಂಟೀನಾದ ಮೂರು ಗೋಲು ಮೊದಲರ್ಧದಲ್ಲೇ ಆಫ್‌ಸೈಡ್ ಅಂತ ಹೋದವು. ಕೊನೆಗೆ ಪಂದ್ಯವೂ ಹೋಯಿತು. ಪಾಪ, ಅವರು ಎಷ್ಟು ಸಲ ಸುಮ್ನೆ ಕುಣಿದಿರಬೇಕು!

ಚಿಕ್ಕವರಿದ್ದಾಗ ಈ ತಾಪತ್ರಯ ಇರಲಿಲ್ಲ. ಎರಡು ಚಪ್ಪಲಿ ಇಟ್ಟರೆ ಅದೇ ಗೋಲು. ನನಗೆ ಓಡೋಕೆ ಬರುತ್ತಿರಲಿಲ್ಲ. ಅದಕ್ಕೇ ಸಂಜೆಯಿಡೀ ಎದುರಾಳಿಗಳ ಚಪ್ಪಲಿ ಪಕ್ಕದಲ್ಲೇ ನಿಂತಿರುತ್ತಿದ್ದೆ. ಚೆಂಡು ಬಂದರೆ ಕಾಲಲ್ಲಿ ಒಂಚೂರು ತಳ್ಳೋದು, ಅಷ್ಟೇ. ಒಂದು ಸಂಜೆ ಏಳು ಗೋಲು ಹೊಡೆದು ಗೆಳೆಯರ ಹೆಗಲೇರಿ ಮನೆಗೆ ಬಂದಿದ್ದೆ. ಬದುಕಿನಲ್ಲಿ ನನ್ನನ್ನು ಯಾರಾದರೂ ಹೊತ್ತು ತಿರುಗಿದ್ದು ಅದೊಂದೇ ಸಲ.

ಇದನ್ನು ಭಾವನಿಗೂ ಹೇಳಿದೆ. ಅವರು ರಿಮೋಟನ್ನು ನಿಧಾನವಾಗಿ ತಳ್ಳಿ ಕನ್ನಡಕ, ಫೋನು ಎರಡನ್ನೂ ದಾಟಿಸಿದರು.

‘ಇಲ್ಲಿ ನಿಂತಿರ್ತಿದ್ದೆ, ಅಲ್ವಾ?’

‘ಹೂಂ.’

‘ಏಳೂ ಆಫ್‌ಸೈಡ್.’

‘ಕನ್ನಡಕ ಕೊಡಿ ಭಾವ.’

‘ಇರೋ, ಚೆಂಡು ಡಿಫೆಂಡರ್‌ಗೆ ತಾಗಿ ಬಂದರೆ ಏನು ಅಂತ ಇನ್ನೂ ಹೇಳಿಲ್ಲ.’