ಎಳೆದು ಅಳೆದ ಮೂರು ಮೀಟರ್

ಎರಡೂ ಕೈ ಖಾಲಿ ಇರುವ ಮನುಷ್ಯ ಮಾತ್ರ ಬೆಲ್ಟನ್ನು ನಂಬಬಹುದು. ನನ್ನ ಕೈ ಆ ದಿನ ಖಾಲಿ ಇರಲಿಲ್ಲ. ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಸೇತುವೆ, ಜೂನ್ ತಿಂಗಳ ಮಳೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬಾಳೆಎಲೆ ಸುರುಳಿ, ಕಾಫಿಪುಡಿ, ಬೂದುಗುಂಬಳ ತುಂಬಿದ ಚೀಲ. ಪ್ಯಾಂಟು ಜಾರಲು ಶುರು ಮಾಡಿತು. ಒಮ್ಮೆಗೇ ಜಾರಿದ್ದರೆ ಒಂದು ಲೆಕ್ಕ. ಇದು ಮೆಟ್ಟಿಲಿಗೆ ಅರ್ಧ ಇಂಚಿನಂತೆ, ಸಾಲದ ಕಂತು ಕಟ್ಟಿದ ಹಾಗೆ ಇಳಿಯುತ್ತಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿ, ಕಾಲು ಅಗಲಿಸಿ, ಅಡ್ಡಡ್ಡ ಇಳಿದೆ. ಒಬ್ಬ ಹುಡುಗ ನೋಡಿ, ‘ಅಂಕಲ್, ತಬಿಯತ್ ಠೀಕ್ ಹೈ ನಾ?’ ಎಂದು ಓಡಿಬಂದು ತೋಳು ಹಿಡಿದ. ಒಳ್ಳೆಯ ಹುಡುಗ. ಆದರೆ ಅವನು ಹಿಡಿದದ್ದು ಪ್ಯಾಂಟನ್ನು ತಡೆದಿದ್ದ ತೋಳನ್ನೇ.

ಮುಂದಿನದು ಬೇಡ. ಅಂಗಿ ಉದ್ದ ಇತ್ತು ಅಂತಷ್ಟೇ ಹೇಳುತ್ತೇನೆ.

ಅರವತ್ತು ದಾಟಿದ ಮೇಲೆ ಗಂಡಸಿಗೆ ಸೊಂಟ ಅನ್ನೋದು ಇರುವುದಿಲ್ಲ. ಹೊಟ್ಟೆ ಇರುತ್ತದೆ, ಅದು ಮುಗಿದ ಕೂಡಲೇ ಕಾಲು. ನಡುವೆ ಬೆಲ್ಟ್ ಕೂರಲು ಜಾಗವೇ ಇಲ್ಲ. ಹೊಟ್ಟೆಯ ಮೇಲೆ ಕಟ್ಟಿದರೆ ಊಟ ಇಳಿಯೋದಿಲ್ಲ. ಕೆಳಗೆ ಕಟ್ಟಿದರೆ ಪ್ಯಾಂಟು ಇಳಿಯುತ್ತದೆ. ‘ಇನ್ನೊಂದು ತೂತು ಬಿಗಿ ಮಾಡ್ರಿ ಅಪ್ಪಾ’ ಅಂದ ಮಗ. ಈ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಮೇಲಿನವರು ಹೇಳಿದ್ದು ಇದನ್ನೇ. ಡಾಕ್ಟರೂ ಇದನ್ನೇ ಹೇಳುತ್ತಾರೆ, ಪ್ರತಿ ವರ್ಷ ಬಜೆಟ್ ದಿನ ಟೀವಿಯಲ್ಲಿ ಕೂತವರೂ ಇದನ್ನೇ. ಏನಾದರೂ ಜಾರಿದರೆ ಬಿಗಿ ಮಾಡು! ಮೇಲಿನಿಂದ ಹಿಡಿದುಕೊಳ್ಳೋಣ ಅಂತ ಒಬ್ಬನಿಗೂ ಹೊಳೆಯೋದಿಲ್ಲ. ಇದರಲ್ಲಿ ಒಂದು ದೊಡ್ಡ ವಿಚಾರ ಇದೆ. ಕೊನೆಗೆ ಹೇಳುತ್ತೇನೆ.

ಹೆಗಲ ಮೇಲಿಂದ ಪ್ಯಾಂಟನ್ನು ಹಿಡಿಯುವ ಪಟ್ಟಿ, ಅದೇ ಸಸ್ಪೆಂಡರ್, ಅದನ್ನು ಮೊದಲು ಅಂಗಡಿಯಿಂದಲೇ ತಂದೆ. ಮದುವೆ ಸೂಟು ಬಾಡಿಗೆ ಕೊಡುವ ಅಂಗಡಿಯದು, ಕ್ಲಿಪ್ಪಿನದು. ಸೋದರಳಿಯನ ಮಗನ ಮುಂಜಿಯಲ್ಲಿ ಹಿರಿಯರಿಗೆ ನಮಸ್ಕಾರ ಮಾಡಲು ಬಗ್ಗಿದೆ. ಹಿಂದಿನ ಕ್ಲಿಪ್ಪು ಬಿಟ್ಟು, ಹೆಗಲ ಮೇಲಿಂದ ಹಾರಿಬಂದು, ನನ್ನ ಕಿವಿಗೇ ಬಾರಿಸಿತು. ಆಶೀರ್ವಾದ ಮಾಡುತ್ತಿದ್ದ ಅಜ್ಜಿಗೆ ತಾನೇ ಏನೋ ಮಾಡಿದೆ ಅನ್ನಿಸಿ ಕೈ ಹಿಂದೆ ತೆಗೆದುಕೊಂಡರು.

ಆಮೇಲೆ ಓದಿ ತಿಳಿದುಕೊಂಡೆ. ಮರ್ಯಾದಸ್ಥ ಸಸ್ಪೆಂಡರಿಗೆ ಕ್ಲಿಪ್ಪೇ ಇಲ್ಲ, ಗುಂಡಿ. ಪ್ಯಾಂಟಿನ ಪಟ್ಟಿಯ ಒಳಗೆ, ಮುಂದೆ ಎರಡೂ ಬದಿಗೆ ಎರಡೆರಡು, ಹಿಂದೆ ಎರಡು, ಒಟ್ಟು ಆರು. ಲಂಡನ್ನಿನಲ್ಲಿ ಆಲ್ಬರ್ಟ್ ಥರ್ಸ್ಟನ್ ಎಂಬಾತ 1820ರಲ್ಲಿ ಇದರ ವ್ಯಾಪಾರ ಹಿಡಿದ. ಅಂದರೆ ಎರಡು ನೂರು ವರ್ಷದ ಹಿಂದೆಯೇ ಪರಿಹಾರ ಸಿಕ್ಕಿ ಆಗಿತ್ತು. ಅದನ್ನು ಬಿಟ್ಟು ಜನ ಬೆಲ್ಟಿನ ಹಿಂದೆ ಹೋದರು. ಈಗ ಆರು ಗುಂಡಿಯದು ಬೇಕೆಂದರೆ ಡೊಂಬಿವಲಿಯ ಫಡಕೆ ರೋಡಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ‘ಗ್ಯಾಲಿಸ್? ಲಹಾನ್ ಮುಲಾಸಾಠಿ ಕಾ?’ ಸಸ್ಪೆಂಡರಾ, ಮಕ್ಕಳಿಗಾ ಅಂತ.

ಸರಿ, ಮನೆಯಲ್ಲೇ ಹೊಲಿಯುತ್ತೇನೆ ಎಂದೆ. ಅದೇ ಸಂಜೆ ಹೆಂಡತಿ ಹುಬ್ಬಳ್ಳಿಯ ತಂಗಿಗೆ ಫೋನಿನಲ್ಲಿ, ‘ನಮ್ಮನಿಯವರು ಸಸ್ಪೆಂಡರ್ ಹಚ್ಕೊಂಡು ಕೂತಾರ’ ಅಂದಳು. ಆ ಕಡೆಯಿಂದ ದೊಡ್ಡ ಧ್ವನಿಯಲ್ಲಿ, ‘ಅಯ್ಯ, ಭಾವನವರು ಸಸ್ಪೆಂಡ್ ಆದರ? ರಿಟೈರ್ ಆದಮ್ಯಾಲೂ ಬಿಡೂದಿಲ್ಲೇನ ಅಕ್ಕಾ ಈ ಬ್ಯಾಂಕಿನವರು?’ ಎರಡು ದಿನ ನಂಟರ ಫೋನು ಬಂದೇ ಬಂತು. ಪೆನ್ಶನ್ನಿಗೆ ತೊಂದರೆ ಇಲ್ಲ ತಾನೇ ಅಂತ ಒಬ್ಬ. ಎಷ್ಟು ಲಕ್ಷದ ಪ್ರಕರಣ ಅಂತ ಇನ್ನೊಬ್ಬ. ಈ ಎರಡನೆಯವನನ್ನು ನಾನು ಮರೆತಿಲ್ಲ.

ಇನ್ನು ಇಲಾಸ್ಟಿಕ್ಕಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮಧ್ಯಾಹ್ನದ ಸ್ಲೋ ಲೋಕಲ್ ರೈಲು. ಕೋಪರ್‌ನಲ್ಲಿ ಒಬ್ಬ ಹತ್ತಿದ. ಕೊರಳಲ್ಲಿ ಲಾಡಿ, ಇಲಾಸ್ಟಿಕ್, ಭುಜದ ಮೇಲೆ ಸೇಫ್ಟಿ ಪಿನ್ನಿನ ಮಾಲೆ. ಗ್ರಾಮದೇವತೆಗೆ ಅಲಂಕಾರ ಮಾಡಿದಂತಿದ್ದ. ಒಂದೂವರೆ ಇಂಚು ಅಗಲದ್ದು ಇದೆಯಾ ಅಂದೆ. ಇತ್ತು, ಕರಿಯದು. ಮೀಟರಿಗೆ ಇಪ್ಪತ್ತು ರೂಪಾಯಿ. ಮೂರು ಮೀಟರ್ ಕೊಡು ಅಂದೆ. ಅವನು ತುದಿಯನ್ನು ಮೂಗಿನ ಹತ್ತಿರ ಹಿಡಿದು, ಇನ್ನೊಂದು ಕೈ ಚಾಚಿ, ಸರಕ್, ಸರಕ್, ಸರಕ್ ಎಂದು ಮೂರು ಸಲ ಎಳೆದು ಕತ್ತರಿ ಹಾಕಿದ. ನಮ್ಮೂರ ಹೂವಾಡಗಿತ್ತಿಯರು ಮೊಳ ಹಾಕುವುದನ್ನು ನೋಡಿ ಬೆಳೆದವನು ನಾನು. ಮೊಣಕೈ ಒಂದು ಚೂರು ಒಳಗೆ ಸರಿಯುವುದು ನನಗೆ ಗೊತ್ತು. ಆದರೆ ಇಲ್ಲಿ ಮೊಣಕೈ ನೆಟ್ಟಗೇ ಇತ್ತು. ಎಲ್ಲೋ ತಪ್ಪಿದೆ, ಎಲ್ಲಿ ಅಂತ ತಿಳಿಯಲಿಲ್ಲ.

ಆ ದಿನ ನನ್ನ ಜೇಬಿನಲ್ಲಿ ಟೇಪ್ ಇತ್ತು. ಟೇಪ್ ಇಟ್ಟುಕೊಂಡವನಿಗೆ ಸುಮ್ನೆ ಕೂರಲು ಆಗೋದಿಲ್ಲ. ತೊಡೆಯ ಮೇಲೆ ಹರಡಿ ಅಳೆದೆ. ಎರಡು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್.

‘ಖೀಂಚ್ ಕೇ ನಾಪಾ ತುಮ್ನೇ!’ ಎಂದೆ. ಎಳೆದು ಅಳೆದೆಯಲ್ಲೋ!

ಅವನು ಒಂದಿಷ್ಟೂ ಅಳುಕಲಿಲ್ಲ. ‘ಕಾಕಾ, ನೀವು ಇದನ್ನು ಹಾಕಿಕೊಂಡಾಗ ಸಡಿಲ ಇರ್ತದೋ, ಎಳೆದು ಇರ್ತದೋ?’ ಅಂತ ಹಿಂದಿಯಲ್ಲಿ ಕೇಳಿದ. ಎಳೆದು, ಅಂದೆ. ‘ಹಾಗಾದರೆ ಹಾಕಿಕೊಂಡು ಅಳೆಯಿರಿ. ಮೂರು ಮೀಟರ್ ಬರದಿದ್ದರೆ ದುಡ್ಡು ವಾಪಸ್.’

ಡಬ್ಬಿಯಲ್ಲಿ ಎಲ್ಲರೂ ಹೌದೌದು ಎಂದು ತಲೆ ಹಾಕಿದರು. ಎದುರಿನ ಸೀಟಿನ ಗುಜರಾತಿ ಮುದುಕರು, ಎಳೆಯುವುದು ಅದರ ಧರ್ಮ, ಧರ್ಮ ಬಿಟ್ಟು ಅಳೆಯೋದು ಹೇಗೆ ಎಂದರು. ಕಾಲೇಜು ಹುಡುಗಿಯೊಬ್ಬಳು, ಎಷ್ಟು ಬಲದಿಂದ ಎಳೆದ ಎಂದು ಹೇಳದೆ ಉದ್ದ ಹೇಳಲು ಬರುವುದಿಲ್ಲ ಎಂದು ಏನೋ ನಿಯಮ ಹೇಳಿದಳು. ದಿವಾ ಬಂತು, ಹತ್ತಿದವರಿಗೆಲ್ಲ ಮೊದಲಿನಿಂದ ಕಥೆ ಹೇಳಲಾಯಿತು. ಅವರೂ ಪಕ್ಷ ಹಿಡಿದರು. ನನ್ನ ಪಕ್ಷಕ್ಕೆ ಯಾರೂ ಬರಲಿಲ್ಲ. ಒಬ್ಬ ಮಾತ್ರ, ಅರವತ್ತು ರೂಪಾಯಿಗೆ ಇಷ್ಟು ಯಾಕೆ ಕಾಕಾ ಅಂದ. ಅರವತ್ತು ರೂಪಾಯಿ ಪ್ರಶ್ನೆ ಅಲ್ಲ, ಅಂದೆ. ನಿಜ ಹೇಳಬೇಕೆಂದರೆ ಅರವತ್ತು ರೂಪಾಯಿಯೂ ಪ್ರಶ್ನೆಯೇ.

ಮುಂಬ್ರಾ ದಾಟುವಾಗ ಕಿಟಕಿ ಬದಿಯ ಒಬ್ಬರು ಬಾಯಿ ಬಿಟ್ಟರು. ಪರೇಲ್‌ನ ಗಿರಣಿಯೊಂದರಲ್ಲಿ ನೇಯ್ಗೆ ಖಾತೆಯಲ್ಲಿದ್ದರಂತೆ, 1982ರ ಮುಷ್ಕರದ ತನಕ. ಅವರು ಇಲಾಸ್ಟಿಕ್ ಕೈಗೆ ತೆಗೆದುಕೊಂಡರು. ಮಾತಾಡಲಿಲ್ಲ. ಎರಡು ಬೆರಳಿನಲ್ಲಿ ಹಿಡಿದು ಎಳೆದರು, ಬಿಟ್ಟರು, ಕಣ್ಣಿನ ಹತ್ತಿರ ತಂದರು. ಇಡೀ ಡಬ್ಬಿ ಜೋಯಿಸರ ಮುಂದೆ ಕೂತಂತೆ ಕಾಯಿತು. ಬಟ್ಟೆಯನ್ನು ಯಾವತ್ತೂ ಮೇಜಿನ ಮೇಲೆ ಸಡಿಲ ಹರಡಿ ಅಳೆಯಬೇಕು, ಎಳೆದು ಅಳೆಯುವುದು ಕಳ್ಳತನ ಎಂದರು. ನಾನು ಎದೆ ಉಬ್ಬಿಸಿದೆ. ‘ಪಣ್,’ ಎಂದರು. ಆದರೆ, ಇದು ನೇಯ್ದ ಇಲಾಸ್ಟಿಕ್, ಹೆಣೆದದ್ದಲ್ಲ. ಹೆಣೆದದ್ದು ಎಳೆದರೆ ಅಗಲ ಕಡಿಮೆ ಆಗುತ್ತದೆ, ಜಡೆಯ ಹಾಗೆ. ಇದು ಆಗುವುದಿಲ್ಲ. ಹೆಗಲಿಗೆ ಇದೇ ಸರಿ. ಈ ಹುಡುಗ ಒಳ್ಳೆಯ ಮಾಲು ಕೊಟ್ಟಿದ್ದಾನೆ. ಅಳತೆಯಲ್ಲಿ ಕಳ್ಳ, ಮಾಲಿನಲ್ಲಿ ಪ್ರಾಮಾಣಿಕ. ಮುಂಬಯಿಯಲ್ಲಿ ಇದಕ್ಕಿಂತ ಜಾಸ್ತಿ ಏನು ಬೇಕು?

ಥಾಣೆಯಲ್ಲಿ ಹುಡುಗ ಇಳಿಯುವಾಗ ಒಂದು ಡಜನ್ ಸೇಫ್ಟಿ ಪಿನ್ ನನ್ನ ತೊಡೆಯ ಮೇಲೆ ಎಸೆದ. ಗೆದ್ದವನು ಸೋತವನಿಗೆ ಕೊಡುವಂತೆ.

ಹೊಲಿದದ್ದರ ಬಗ್ಗೆ ಅಷ್ಟು ಹೇಳಲಿಕ್ಕಿಲ್ಲ. ಅವ್ವನ ಉಷಾ ಮಶೀನು, ಕರಿಯದು, ಮೇಲೆ ಬಂಗಾರದ ಹೂಬಳ್ಳಿ. ಧಾರವಾಡದಿಂದ ಬಂದ ಮೇಲೆ ಅದರ ಮುಖ್ಯ ಕೆಲಸ ಖಂಡೇನವಮಿಗೆ ಕುಂಕುಮ ಹಚ್ಚಿಸಿಕೊಳ್ಳುವುದು. ಅದಕ್ಕೆ ನೇರ ಹೊಲಿಗೆ ಮಾತ್ರ ಬರುತ್ತದೆ. ಇಲಾಸ್ಟಿಕ್ಕಿನ ಉದ್ದಕ್ಕೆ ನೇರ ಹೊಲಿಗೆ ಹಾಕಿದರೆ ಮೊದಲ ಎಳೆತಕ್ಕೇ ದಾರ ಪಟಪಟ ಹರಿಯುತ್ತದೆ. ಇದು ಹರಿದ ಮೇಲೆ ಗೊತ್ತಾಯಿತು. ಹಾಗಾಗಿ ತುದಿಗಳಲ್ಲಿ ಮಾತ್ರ ಚೌಕ ಹಾಕಿ, ಒಳಗೆ ಅಡ್ಡಾದಿಡ್ಡಿ ಎರಡು ಗೆರೆ ಎಳೆದೆ. ಎಳೆದು ಅಳೆದ ಇಲಾಸ್ಟಿಕ್ ಸಾಲಲಿಲ್ಲ, ಮುಂದಿನ ತುಂಡಿಗೆ ಹಳೇ ಮಂಚದ ನವಾರು ಪಟ್ಟಿ ಹಾಕಿದೆ. ಬೆನ್ನಿನಲ್ಲಿ ಎರಡು ಪಟ್ಟಿ ಕೂಡುವ ಜಾಗಕ್ಕೆ ಚರ್ಮದ ತುಂಡು ಬೇಕಿತ್ತು. ಆ ಬೆಲ್ಟನ್ನೇ ಕತ್ತರಿಸಿದೆ. ಅದಕ್ಕೆ ಅದಾಗಬೇಕಿತ್ತು. ಕತ್ತರಿಸಿದರೆ ಒಳಗೆ ರಟ್ಟು! ‘ಅಪ್ಪಟ ಚರ್ಮ’ ಎಂದು ಒತ್ತಿದ್ದ ಅಕ್ಷರದ ಕೆಳಗೇ, ಒದ್ದೆಯಾಗಿ ಉಬ್ಬಿದ ರಟ್ಟು. ಹನ್ನೊಂದು ನೂರು ರೂಪಾಯಿ ಕೊಟ್ಟಿದ್ದೆ. ಕೊನೆಗೆ ಮೊಮ್ಮಗನ ಹಳೇ ಜೀನ್ಸಿನ ತುಂಡನ್ನು ನಾಲ್ಕು ಮಡಿಕೆ ಮಾಡಿ ಇಟ್ಟೆ. ಹದಿನಾರು ನಂಬರಿನ ಸೂಜಿ ಮುರಿಯಿತು. ಹದಿನೆಂಟು ಹಾಕಿದೆ, ಅದೂ ಮುರಿಯಿತು. ‘ಮಶೀನಿಗೆ ಜೀವ ಅದರೀ, ಅದಕ್ಕೂ ನೋವಾಗ್ತದ’ ಅಂದಳು ಹೆಂಡತಿ. ನನ್ನ ಬೆರಳಿಗೆ ಚುಚ್ಚಿದ್ದನ್ನು ಕೇಳಲಿಲ್ಲ.

ಉದ್ದ ಹೆಚ್ಚುಕಡಿಮೆ ಮಾಡುವ ಆ ಅಡ್ಜಸ್ಟರ್ ಇದೆಯಲ್ಲ, ಶಾಲೆ ಚೀಲದ್ದು, ಅದು ಕಂಡಷ್ಟು ಸಾಧುವಲ್ಲ. ಪಟ್ಟಿ ಕೆಳಗಿಂದ ಬಂದು, ನಡುಕಂಬಿ ಸುತ್ತಿ, ಮತ್ತೆ ಕೆಳಗೆ ಹೋಗಬೇಕು. ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದೆ. ಮಾರ್ಕ್ ಟ್ವೇನ್ ನೆನಪಾದದ್ದು ಆಗಲೇ. ಅವನಿಗೆ ಸಸ್ಪೆಂಡರ್ ಕಂಡರೆ ಆಗುತ್ತಿರಲಿಲ್ಲ. 1871ರ ಡಿಸೆಂಬರ್ 19ರಂದು, ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬ ತನ್ನ ನಿಜ ಹೆಸರಿನಲ್ಲಿ, ಗುಂಡಿ ಹಾಕಿ ಬಟ್ಟೆಗೆ ಸಿಕ್ಕಿಸುವ ಒಂದು ಇಲಾಸ್ಟಿಕ್ ಪಟ್ಟಿಗೆ ಪೇಟೆಂಟ್ ತೆಗೆದುಕೊಂಡ. ನಂಬರ್ 121992. ಅಂಥ ಬುದ್ಧಿವಂತ ಹೆಗಲಿನಿಂದ ಸೊಂಟಕ್ಕೆ ಓಡಿಹೋಗಲು ಅಷ್ಟು ಒದ್ದಾಡಿದ. ನಾನು ಸೊಂಟದಿಂದ ಹೆಗಲಿಗೆ ಓಡಿಬರುತ್ತಿದ್ದೇನೆ. ದಾರಿಯಲ್ಲಿ ಸಿಕ್ಕಿದ್ದರೆ ಪರಸ್ಪರ ಮುಖ ತಿರುಗಿಸುತ್ತಿದ್ದೆವು.

ಕಾಜಾ ಮಾಡಿಸಲು ಓಣಿಯ ಕಾಜಾ-ಬಟನ್ ಅಂಗಡಿಗೆ ಒಯ್ದೆ. ದಿನಕ್ಕೆ ನೂರಾರು ಅಂಗಿ ನೋಡುವವನು. ಪಟ್ಟಿಯನ್ನು ತಿರುಗಿಸಿ ಮುರುಗಿಸಿ, ‘ಘೋಡೇ ಕಾ ಹೈ?’ ಅಂದ. ಕುದುರೆಯದ್ದಾ ಅಂತ.

ಗುಂಡಿ ಹಚ್ಚಿದ್ದು ಹೆಂಡತಿ. ನಾಲ್ಕು ಪ್ಯಾಂಟು, ಇಪ್ಪತ್ತನಾಲ್ಕು ಗುಂಡಿ. ದಾರ ಕಡಿಯುತ್ತ, ‘ಇಪ್ಪತ್ನಾಕು. ಲೆಕ್ಕ ಇಟ್ಟೀನಿ’ ಅಂದಳು. ಆ ಲೆಕ್ಕ ದೀಪಾವಳಿಗೆ ತೀರಿತು. ಅದು ಬೇರೆ ಖರ್ಚು.

ಹಾಕಿಕೊಂಡರೆ, ಆಹಾ! ಪ್ಯಾಂಟು ತೂಗುತ್ತದೆ. ಹೊಟ್ಟೆಗೆ ಯಾರ ಹಂಗೂ ಇಲ್ಲ. ಊಟ ಮಾಡುವಾಗ ಗಾಳಿ ಆಡುತ್ತದೆ. ಒಂದೇ ತೊಂದರೆ, ಈ ಮುಂಬಯಿ ಸೆಕೆಯಲ್ಲಿ ಕೋಟು ಹಾಕಲು ಆಗುವುದಿಲ್ಲ. ಅಂಗಿಯ ಮೇಲೆ ಹಾಕಿದರೆ ಸರ್ಕಸ್ಸಿನವನು. ಹಾಗಾಗಿ ಅಂಗಿಯ ಒಳಗೆ ಹಾಕುತ್ತೇನೆ. ಒಳಗೆ ಹಾಕಿದರೆ ಪ್ಯಾಂಟು ಇಳಿಸಬೇಕಾದಾಗ ಮೊದಲು ಅಂಗಿ ಬಿಚ್ಚಬೇಕು. ನನ್ನ ವಯಸ್ಸಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ತಿಂಗಳು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋಗಿದ್ದೆ. ನಡುವಿನ ವಿರಾಮ ಹತ್ತು ನಿಮಿಷ. ನನ್ನ ಅಂಗಿಗೆ ಏಳು ಗುಂಡಿ. ಆತುರದಲ್ಲಿ ಪ್ಯಾಂಟಿನ ಹಿಂದಿನ ಎರಡೂ ಗುಂಡಿ ಟಪ್ಪಂತ ಕಿತ್ತು ಹೋದವು. ಆಗ ಕಾಪಾಡಿದ್ದು ಥಾಣೆಯ ಆ ಸೇಫ್ಟಿ ಪಿನ್ನು. ಬೆನ್ನ ಹಿಂದೆ ನಾನೇ ಹಾಕಿಕೊಳ್ಳಲು ಆಗಲಿಲ್ಲ. ಕೈ ತೊಳೆಯುತ್ತಿದ್ದ ಒಬ್ಬ ಹಿರಿಯರು, ಗುರುತಿಲ್ಲದವರು, ಒಂದೂ ಮಾತಾಡದೆ ಸಿಕ್ಕಿಸಿ ಕೊಟ್ಟರು. ಕೊಟ್ಟು, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು: ‘ಎಲ್ಲಿ ಸಿಗುತ್ತೆ ಇದು?’

ನಾಟಕದ ಎರಡನೇ ಭಾಗ ನಾವಿಬ್ಬರೂ ನೋಡಲಿಲ್ಲ. ಹೊರಗೆ ಕೂತು ಅವರ ಹೆಗಲಿಂದ ಸೊಂಟಕ್ಕೆ ಅಳತೆ ತೆಗೆದೆ. ಸೊಂಟ ಎಲ್ಲಿ ಎನ್ನುವುದು ಇಬ್ಬರಿಗೂ ತಿಳಿಯಲಿಲ್ಲ, ಅಂದಾಜಿನಲ್ಲಿ ಒಂದು ಜಾಗ ಗೊತ್ತು ಮಾಡಿದೆವು.

ಅವರದಕ್ಕೆಂದು ಮತ್ತೆ ಇಲಾಸ್ಟಿಕ್ ಬೇಕಾಯಿತು. ಆ ದೊಡ್ಡ ವಿಚಾರವನ್ನು ಹೇಗೆ ಬರೆಯಬೇಕು ಎಂದು ಯೋಚಿಸುತ್ತ ಲೋಕಲ್‌ನಲ್ಲಿ ಕೂತಿದ್ದೆ. ಕೋಪರ್‌ನಲ್ಲಿ ಅದೇ ಹುಡುಗ ಹತ್ತಿದ. ನನ್ನನ್ನು ನೋಡಿದ್ದೇ ನಕ್ಕ. ಇಲಾಸ್ಟಿಕ್ಕನ್ನು ಸತ್ತ ಹಾವಿನಂತೆ ಸಡಿಲ ಇಳಿಬಿಟ್ಟು, ಡಬ್ಬಿಗೆಲ್ಲ ಕಾಣುವ ಹಾಗೆ, ‘ದೇಖೋ ಕಾಕಾ, ಬಿನಾ ಖೀಂಚೇ’ ಎನ್ನುತ್ತ ಮೂರು ಮೀಟರ್ ಅಳೆದ. ಟೇಪ್ ಹಿಡಿದು ನೋಡಿದೆ. ಸರಿಯಾಗಿ ಮೂರು. ಮೇಲೆ ಎರಡು ಬೆರಳು ಜಾಸ್ತಿಯೇ ಇತ್ತು.

ಮೀಟರಿಗೆ ಮೂವತ್ತು ರೂಪಾಯಿ ಅಂದ.